ತಕರಾರಿಲ್ಲವೆಂದು ಸಹಿ ಹಾಕಿದ ಮೇಲೆ

ಜಗಳವಿಲ್ಲದ ಮನೆ ಕೊಡಪ್ಪಾ ಎಂದು ದಿನವೂ ಬೇಡುವವರು ಸ್ವಲ್ಪ ಯೋಚಿಸಿ ಬೇಡುವುದು ಒಳ್ಳೆಯದು. ಜಿನೇಶ್ವರ ವರ ಕೊಡುವವನಲ್ಲ ಎಂದು ಮುನಿಗಳು ಹೇಳುತ್ತಾರೆ. ನನಗೆ ಮಾತ್ರ ಬೇಲೂರಿನ ವಕೀಲರಿಂದ ಟೈಪು ಮಾಡಿಸಿ ಕಳಿಸಿಬಿಟ್ಟ.

ನಡೆದದ್ದು ಇಷ್ಟು. ಹಳೇಬೀಡಿನ ನಮ್ಮ ಮನೆಯ ಪಾಲಿನ ಬಗ್ಗೆ ಯಜಮಾನರಿಗೂ ಅವರ ಅಣ್ಣನಿಗೂ ಇದ್ದ ವ್ಯಾಜ್ಯ ರಾಜಿಯಾಯಿತು. ನಡುಮನೆಯಲ್ಲಿ ಗೋಡೆ ಎದ್ದಿತು. ಹಿಂದಿನ ಯಾವ ತಕರಾರನ್ನೂ ಎತ್ತಕೂಡದು, ಒಬ್ಬರ ಭಾಗಕ್ಕೆ ಇನ್ನೊಬ್ಬರು ಕಾಲಿಡಕೂಡದು ಎಂಬ ರಾಜಿಪತ್ರಕ್ಕೆ ನಾವು ಹೆಂಗಸರೂ ಸಹಿ ಹಾಕಿದೆವು. ಗಂಡಸರು ಜೊತೆಯಲ್ಲೇ ಕಾಫಿ ಕುಡಿದು ಜಗಳ ಮರೆತರು. ನನ್ನ ವಾರಗಿತ್ತಿ ಪದ್ಮಕ್ಕ ಮಾತ್ರ ಆ ಪತ್ರವನ್ನು ವ್ರತದ ಹಾಗೆ ಹಿಡಿದರು. ನಾನು ಈ ಮನೆಗೆ ಬಂದಾಗಿನಿಂದ ಬೈಯುತ್ತಲೇ ಬಡಿಸಿಕೊಂಡವರು ಅವರು. "ಮುದ್ದೆ ಗಂಟು ಕಟ್ಟೈತೆ ಕಣೇ. ಇರುವೆಗೆಲ್ಲ ಅಹಿಂಸೆ, ನನ್ನ ಹೊಟ್ಟೆಗೆ ಮಾತ್ರ ಹಿಂಸೆ!" ಗೋಡೆ ಎದ್ದ ಮೇಲೆ ಹಾಗೆನ್ನುವವರೇ ಇಲ್ಲವಾದರು. ಯಜಮಾನರು ಏನು ಹಾಕಿದರೂ ನುಂಗಿ ಏಳುತ್ತಾರೆ. ಬೆಳಕಿರುವಾಗಲೇ ಊಟ ಮುಗಿಸುವ ನಮ್ಮಂಥವರ ಮನೆಯಲ್ಲಿ ಸಂಜೆ ಬಹಳ ಉದ್ದ. ಗೋಡೆಯಾಚೆ ಪಾತ್ರೆ ಸದ್ದಾದರೂ ಕೈಕೆಲಸ ಬಿಟ್ಟು ಕೇಳುತ್ತಾ ಕೂರುತ್ತಿದ್ದೆ. ಗೋಡೆ ತೆಳ್ಳಗೆ ಕಟ್ಟಿದ ಗಾರೆಯವನಿಗೆ ಪುಣ್ಯ ಬರಲಿ.

ದಶಲಕ್ಷಣ ಪರ್ವ ಮುಗಿದ ಮೇಲೆ ನಾವು ಜೈನರು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನವೊಂದಿದೆ. ಆವತ್ತಾದರೂ ಪದ್ಮಕ್ಕನನ್ನು ಮಾತಾಡಿಸುತ್ತೇನೆ ಎಂದರೆ ಯಜಮಾನರಿಗೆ ದಿಗಿಲು. "ಲೇ, ಕ್ಷಮೆ ಕೇಳಿದ್ರೆ ತಪ್ಪು ನಮ್ದೇ ಅಂತ ಒಪ್ಕೊಂಡಂಗೆ! ಯಾರೂ ತಪ್ಪು ಒಪ್ಕೊಂಡಿಲ್ಲ ಅಂತ ರಾಜಿಪತ್ರದಲ್ಲಿ ಬರ್ಸಿದೀನಿ." ವಕೀಲರಿಗೆ ಫೋನೂ ಹೋಯಿತು. ಆ ಪುಣ್ಯಾತ್ಮರು ನಕ್ಕು, "ಸ್ವಾಮಿ, ಒಪ್ಪಂದ ಮುರಿದ್ರು ಅಂತ ಯಾರಾದ್ರೂ ದೂರು ತಂದ್ರೆ ತಾನೆ ಕೋರ್ಟು ಕೇಳೋದು? ಹೋಗ್ಬರ್ಲಿ ಬಿಡಿ" ಎಂದರಂತೆ.

ಆ ದಿನ ಬಸದಿಯಲ್ಲಿ ಪದ್ಮಕ್ಕ ಸಾಲಾಗಿ ಎಲ್ಲರಿಗೂ ಕೈಮುಗಿಯುತ್ತ ಬಂದರು. ನನ್ನ ಮುಂದೆಯೂ ನಿಂತು, ಮುಖ ನೋಡದೆ, "ತಪ್ಪಾಗಿದ್ರೆ ಕ್ಷಮಿಸಮ್ಮ" ಎಂದರು. ಕಿರಾಣಿ ಅಂಗಡಿಯವರ ಹೆಂಡತಿಗೂ ಈಗಷ್ಟೇ ಅದನ್ನೇ ಹೇಳಿದ್ದರು. ಆಯಿತು ಎಂದರೆ ಅಲ್ಲಿಗೆ ಮುಗಿಯಿತು, ಇನ್ನು ಮುಂದಿನ ವರ್ಷವೇ.

"ಕ್ಷಮಿಸಲ್ಲ" ಎಂದೆ.

ಪಕ್ಕದವರ ಜಪ ನಿಂತಿತು. ಪದ್ಮಕ್ಕ ತಲೆಯೆತ್ತಿದರು. "ಏನಂದೆ? ಇವತ್ತಿನ ದಿನ, ಭಗವಂತನ ಮುಂದೆ? ಬುದ್ಧಿ ಐತೇನೇ ನಿಂಗೆ?"

ಆ ದನಿ ಕೇಳಿ ಎಷ್ಟು ಕಾಲವಾಗಿತ್ತು! ಕಣ್ಣು ತುಂಬಿತು. "ಮನೆಗೆ ಬಂದು ಕೇಳಿ" ಎಂದೆ.

ಮಧ್ಯಾಹ್ನ ಬಂದೇಬಂದರು, ಬಂದವರು ಹೊಸ್ತಿಲಾಚೆಯೇ ನಿಂತರು. "ಒಳಗೆ ಕಾಲಿಡಂಗಿಲ್ಲ. ಸಹಿ ಹಾಕೀವಿ."

"ಇಟ್ರೆ ದೂರು ಕೊಡ್ಬೇಕಾದೋಳು ನಾನು ತಾನೆ? ಬೇಲೂರು ಬಸ್ಸು ಹತ್ತಿದ್ರೆ ನಂಗೆ ವಾಂತಿ. ಬನ್ನಿ ಅಕ್ಕ."

ಬಂದು ಕೂತು, ಹೊತ್ತಿಳಿಯುವವರೆಗೆ ಬೈದರು. ಹೊರಡುವಾಗ, "ಈಗಾದ್ರೂ ಕ್ಷಮಿಸಿದ್ಯೇನೇ?" ಎಂದರು.

"ನಾಳೆ ನೋಡೋಣ" ಎಂದೆ.

ಅಂದಿನಿಂದ ದಿನವೂ ಬರುತ್ತಾರೆ. ಬೇಡಿದವರನ್ನು ಕ್ಷಮಿಸದಿರುವುದು ಪಾಪವೆಂದು ಗೊತ್ತು. ಮುಂದಿನ ಪರ್ವದಲ್ಲಿ ಅವರ ಕಾಲು ಹಿಡಿದು ಕೇಳಿಕೊಳ್ಳುತ್ತೇನೆ. ಪದ್ಮಕ್ಕ ನನಗಿಂತ ಒಳ್ಳೆಯವರು, ತಕ್ಷಣ ಕ್ಷಮಿಸಿಬಿಟ್ಟರೆ ಏನು ಮಾಡಲಿ ಎಂಬುದೊಂದೇ ಚಿಂತೆ.