ಮೂವತ್ತೊಂದು ಗೆಂಡೆ, ಒಂದೇ ಗುರಿ

ಐದನೆಯ ಬ್ರೆಡ್ಡಿಗೆ ಸಾಸಿವೆ ಸವರುತ್ತಿದ್ದಾಗ ನೊರೀನಳ ಫೋನು ಸದ್ದು ಮಾಡಿತು. ಅಕ್ಕ ಲೊಯಿಸ್. ಪಿಯೋರಿಯಾದ ಚಿಕ್ಕಮ್ಮನ ಮನೆ ಮಾರಾಟವಾಗಿದೆ, ಸೋಮವಾರ ಬೀಗದ ಕೈ ಕೊಡಬೇಕು, ನೆಲಮಾಳಿಗೆಯಲ್ಲಿರುವ ಅವರ ಮಗ್ಗವನ್ನು ಅಷ್ಟರೊಳಗೆ ಒಯ್ಯದಿದ್ದರೆ ಗುಜರಿಯವನು ಸೌದೆಗೆಂದು ಎತ್ತಿಕೊಂಡು ಹೋಗುತ್ತಾನೆ ಎಂದಳು.

"ಸಂಜೆ ಹೇಳ್ತೀನಿ. ಇವತ್ತು ಪಂದ್ಯ ಇದೆ" ಎಂದಳು ನೊರೀನ್.

ಮಗ್ಗಕ್ಕೂ ಬಿಲ್ಲುಬಾಣದಿಂದ ಮೀನು ಹೊಡೆಯುವ ಪಂದ್ಯಕ್ಕೂ ನಂಟು ಇದ್ದದ್ದು ಗ್ಯಾರೇಜಿನಲ್ಲಿ. ಹಳೇ ಬಟ್ಟೆ ಸೀಳಿ ನೆಲಹಾಸು ನೇಯುವ ಆ ಮಗ್ಗ ಮಂಚಕ್ಕಿಂತ ದೊಡ್ಡದು. ಮನೆಯಲ್ಲಿ ಅದು ಹಿಡಿಸುವುದು ಗ್ಯಾರೇಜಿನಲ್ಲಿ ಮಾತ್ರ. ಅಲ್ಲಿ ಏಳು ವರ್ಷದಿಂದ ಅವಳ ಗಂಡ ರಾಯ್ಸನ ದೋಣಿ ಮಲಗಿತ್ತು. ನಿಂತು ಬಾಣ ಹೂಡಲೆಂದು ಮುಂಭಾಗಕ್ಕೆ ಕಬ್ಬಿಣದ ಅಟ್ಟ ಕಟ್ಟಿಸಿದ ದೋಣಿ. ಎಲ್ಲಿಂದಲೋ ಬಂದ ಬೆಳ್ಳಿ ಗೆಂಡೆ ಮೀನುಗಳು ಇಲಿನಾಯ್ ಹೊಳೆಯನ್ನೇ ನುಂಗಿ ಕೂತಿವೆ, ಅವುಗಳನ್ನು ಮುಗಿಸುವುದು ತನ್ನ ಕರ್ತವ್ಯ ಎಂದು ರಾಯ್ಸ್ ಹೇಳುತ್ತಿದ್ದ. ಏಳು ವರ್ಷದಲ್ಲಿ ಅವನು ಮುಗಿಸಿದ್ದು ಒಂದು. ಅದೂ ಮೊದಲೇ ಸತ್ತಿತ್ತೆಂದು ಕೆಲವರ ಅಭಿಪ್ರಾಯ.

ಕಳೆದ ತಿಂಗಳು ಚರ್ಚಿನ ಊಟದಲ್ಲಿ ಯಾರೋ ಅದನ್ನೇ ಎತ್ತಿ ಆಡಿಕೊಂಡಾಗ ಅವನು ಎಲ್ಲರೆದುರು ಅಂದುಬಿಟ್ಟಿದ್ದ: ಈ ಸಲ ಟ್ರೋಫಿ ಬರದಿದ್ದರೆ ದೋಣಿ ಮಾರುತ್ತೇನೆ. ರಾಯ್ಸನಿಗೆ ಹೆಂಡತಿಯ ಎದುರು ಆಡಿದ ಮಾತು ಮರೆತುಹೋಗುತ್ತದೆ, ಊರಿನವರ ಎದುರು ಆಡಿದ್ದು ಮರೆಯುವುದಿಲ್ಲ. ಸೋಲುವ ವಿಷಯದಲ್ಲಿ ಗಂಡನ ಮೇಲೆ ನೊರೀನಳಿಗೆ ಪೂರ್ತಿ ನಂಬಿಕೆಯಿತ್ತು. ಆ ಪ್ರೀತಿಗೆ ಅವನ ಪಾಲಿನ ಬ್ರೆಡ್ಡಿನ ನಡುವೆ ಇನ್ನೆರಡು ಹೋಳು ಮಾಂಸ ಇಟ್ಟಳು.

ಹೊಳೆಕಟ್ಟೆಯಲ್ಲಿ ಪಕ್ಕದ ಮನೆಯ ಅರ್ಲೀನ್ ಮೈಕು ಹಿಡಿದು ನಿಂತಿದ್ದಳು. ಪಂದ್ಯದಲ್ಲಿ ಅವಳಿಗೆ ಯಾರೂ ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಎಲ್ಲ ಕೆಲಸವನ್ನೂ ಅವಳೇ ಮಾಡುತ್ತಿದ್ದಳು.

"ಈ ಸಲವಾದ್ರೂ ದೋಣಿ ನೆಟ್ಟಗೆ ಓಡಿಸೇ ನೊರೀನ್. ಹೋದ ವರ್ಷ ರಾಯ್ಸ್ ಸೋತಿದ್ದು ನಿನ್ನಿಂದಾನೇ ಅಂತ ಜನ ಮಾತಾಡ್ಕೋತಾರೆ."

ಯಾವ ಜನ ಎಂದು ನೊರೀನ್ ಕೇಳಲಿಲ್ಲ. ಆ ಜನ ಯಾವಾಗಲೂ ಅರ್ಲೀನ್ ಒಬ್ಬಳೇ.

ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆಸಿದ ಹೊಸ ಅಂಗಿ ತೊಟ್ಟು ರಾಯ್ಸ್ ಅಟ್ಟ ಹತ್ತಿದ. ನೊರೀನ್ ಹಿಂದೆ ಮೋಟಾರಿನ ಬಳಿ ಕೂತಳು. ನೀರಿನೊಳಗಿನ ಮೀನು ಕಾಣುವುದಕ್ಕಿಂತ ಕೆಳಗಿರುತ್ತದೆ, ಕೆಳಗೇ ಗುರಿಯಿಡಬೇಕು ಎಂದು ಆ ಊರಿನ ಕೂಸಿಗೂ ಗೊತ್ತು. ರಾಯ್ಸ್ ತನ್ನ ಕಣ್ಣನ್ನು ನಂಬುವ ಮನುಷ್ಯ. ಮೊದಲ ಬಾಣ ಕೆಸರಿಗೆ ಹೋಯಿತು. ಎರಡನೆಯದು ಮುಳುಗಿದ ಮರದ ದಿಮ್ಮಿಗೆ ನೆಟ್ಟು, ಬಾಣಕ್ಕೆ ಕಟ್ಟಿದ ದಾರ ಬಿಡಿಸುವುದರಲ್ಲೇ ಅರ್ಧ ಗಂಟೆ ಕಳೆಯಿತು. ಮೂರನೆಯದಕ್ಕೆ ಒಂದು ಮಡಚುವ ಕುರ್ಚಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ನೊರೀನ್ ಮನಸ್ಸಿನಲ್ಲೇ ಮಗ್ಗವನ್ನು ಗ್ಯಾರೇಜಿನ ಕಿಟಕಿಯ ಪಕ್ಕ ಇಟ್ಟು, ಬೆಳಕು ಸಾಲದೆಂದು ಸ್ವಲ್ಪ ಎಡಕ್ಕೆ ಸರಿಸಿದ್ದಳು.

ಗೆಲುವನ್ನು ಇನ್ನೂ ದೂರ ಮಾಡೋಣವೆಂದು ಅವಳು ದೋಣಿಯನ್ನು ಒಂದು ಕಿರುಗಾಲುವೆಗೆ ತಿರುಗಿಸಿದಳು. ಅಲ್ಲಿ ಕಪ್ಪೆಯೂ ಸಿಗುವುದಿಲ್ಲವೆಂಬುದು ಅವಳ ಲೆಕ್ಕ. ಆದರೆ ಬೆಳಗಿನಿಂದ ಇಪ್ಪತ್ತು ದೋಣಿಗಳು ಅಟ್ಟಿದ ಗೆಂಡೆಗಳೆಲ್ಲ ಅಲ್ಲೇ ಬಂದು ಅಡಗಿದ್ದವು. ಮೋಟಾರಿನ ಸದ್ದು ಕೇಳಿದರೆ ಈ ಮೀನಿಗೆ ಬುದ್ಧಿ ಕೆಡುತ್ತದೆ, ಎದ್ದು ಗಾಳಿಗೆ ನೆಗೆಯುತ್ತದೆ. ಕಾದ ಎಣ್ಣೆಗೆ ನೀರು ಬಿದ್ದಂತೆ ಕಾಲುವೆಗೆ ಕಾಲುವೆಯೇ ಸಿಡಿಯಿತು. ಒಂದು ಗೆಂಡೆ ರಾಯ್ಸನ ಹೊಟ್ಟೆಗೆ ಗುದ್ದಿ ಅವನನ್ನು ಊಟದ ಡಬ್ಬಿಯೊಳಗೆ ಕೂರಿಸಿತು. ಇನ್ನೊಂದು ನೊರೀನಳ ಕೆನ್ನೆಗೆ ಅತ್ತೆಯಷ್ಟೇ ಅಧಿಕಾರದಿಂದ ಬಾರಿಸಿತು. ಅವಳು ಮೋಟಾರು ನಿಲ್ಲಿಸುವಷ್ಟರಲ್ಲಿ ದೋಣಿಯಲ್ಲಿ ಮೂವತ್ತೊಂದು ಗೆಂಡೆ ಬಿದ್ದಿದ್ದವು. ಆ ಕಾಲುವೆಯಲ್ಲಿ ರಾಯ್ಸ್ ಒಂದು ಬಾಣವನ್ನೂ ಬಿಟ್ಟಿರಲಿಲ್ಲ.

ಬಾಣದ ತೂತಿಲ್ಲದ ಮೀನನ್ನು ತಕ್ಕಡಿಗೆ ಹಾಕಬಾರದೆಂಬುದು ಪಂದ್ಯದ ನಿಯಮ. ಮೀನುಗಳೆಲ್ಲ ಮಿಸುಕಾಡುವುದು ನಿಲ್ಲುವವರೆಗೂ ರಾಯ್ಸ್ ಊಟದ ಡಬ್ಬಿಯಲ್ಲೇ ಕೂತಿದ್ದ. ಆಮೇಲೆ ಹೇಳಿದ: "ನಾನು ಬಿಲ್ಲು ಎತ್ತಿದ್ದಕ್ಕೇ ಅಲ್ವಾ ಇವು ಹೆದರಿ ಹಾರಿದ್ದು? ಒಂದು ಥರದಲ್ಲಿ ನಾನೇ ಹೊಡೆದ ಹಾಗೆ."

ಅವನು ಬಾಣವನ್ನು ನೊರೀನಳ ಕಡೆ ಚಾಚಿದ. "ನೀನೇ ಚುಚ್ಚು. ನಂಗೆ ರಕ್ತ ಕಂಡ್ರೆ ತಲೆ ಸುತ್ತುತ್ತೆ, ಗೊತ್ತಲ್ಲ."

ಬೇಡ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ತಕ್ಕಡಿಯ ಬಳಿ ಕೂರುವವನು ವೆಂಡಲ್. ಒಮ್ಮೆ ಪಾದ್ರಿಯವರ ಮೀನನ್ನೇ ನಿಯಮಕ್ಕೆ ಒಪ್ಪದೆಂದು ಹೊಳೆಗೆ ಎಸೆದಿದ್ದ ಮನುಷ್ಯ. ಮೋಸ ಅವನ ಕಣ್ಣಿಗೆ ಬೀಳಲೇಬೇಕು, ಹಾಗೆ ಚುಚ್ಚಬೇಕು. ಅವಳು ಒಂದೊಂದೇ ಮೀನನ್ನು ತೊಡೆಯ ಮೇಲಿಟ್ಟು, ಕಿವಿರಿನಿಂದ ಸರಿಯಾಗಿ ಎರಡು ಬೆರಳು ಅಳೆದು, ಒಂದೇ ಜಾಗಕ್ಕೆ ಬಾಣ ಇಳಿಸಿದಳು. ಮೂವತ್ತೊಂದೂ ಮುಗಿದಾಗ ತೂತುಗಳು ಅಂಗಿಯ ಕಾಜಾಗಳಂತೆ ಸಾಲಾಗಿದ್ದವು. ಇಂಥ ಮೋಸ ಕುರುಡನಿಗೂ ಕಾಣುತ್ತದೆ ಎಂದುಕೊಂಡಳು. ರಾಯ್ಸ್ ಅಷ್ಟೂ ಹೊತ್ತು ಆಕಾಶ ನೋಡುತ್ತಿದ್ದ.

ವೆಂಡಲ್ ಮೀನುಗಳನ್ನು ಹಲಗೆಯ ಮೇಲೆ ಸಾಲಾಗಿ ಮಲಗಿಸಿದ. ಕನ್ನಡಕ ಏರಿಸಿದ. ಮೊದಲ ತೂತಿನಲ್ಲಿ ಬೆರಳಿಟ್ಟ, ಎರಡನೆಯದರಲ್ಲಿ, ಮೂರನೆಯದರಲ್ಲಿ. ಸುತ್ತ ಜನ ಸೇರಿದರು. ಅರ್ಲೀನ್ ಮೈಕು ಕೆಳಗಿಟ್ಟಳು. ರಾಯ್ಸನ ಮುಖ ಮೀನಿನ ಹೊಟ್ಟೆಯಷ್ಟು ಬೆಳ್ಳಗಾಯಿತು. ಅಕ್ಕನಿಗೆ ಏನು ಹೇಳಬೇಕೆಂದು ನೊರೀನ್ ಆಗಲೇ ಮಾತು ಜೋಡಿಸಿಕೊಂಡಿದ್ದಳು.

ವೆಂಡಲ್ ತಲೆಯ ಮೇಲಿನ ಟೋಪಿ ತೆಗೆದ.

"ಮೂವತ್ತು ವರ್ಷದಿಂದ ಈ ತಕ್ಕಡಿ ಹತ್ರ ಕೂತಿದೀನಿ. ಮೂವತ್ತೊಂದು ಮೀನಿಗೂ ಒಂದೇ ಜಾಗ. ಇಂಥ ಕೈ ನಾನು ನೋಡೇ ಇಲ್ಲ."

ಚಪ್ಪಾಳೆ ಬಿತ್ತು. ಏಳು ವರ್ಷ ರಾಯ್ಸನನ್ನು ನೋಡಿ ನಕ್ಕವರೇ ಈಗ, ಇವನು ಇಷ್ಟು ದಿನ ಬೇಕಂತಲೇ ಸೋಲುತ್ತಿದ್ದ ಎಂದರು. ಗುಟ್ಟೇನು ಎಂದು ಯಾರೋ ಕೇಳಿದರು. ರಾಯ್ಸ್ ಒಂದು ಕ್ಷಣ ಗೆಂಡೆಯಂತೆ ಬಾಯಿ ತೆರೆದು ಮುಚ್ಚಿ, ಉಸಿರು ಬಿಗಿ ಹಿಡಿಯಬೇಕು ಎಂದ. ಇಬ್ಬರು ಅದನ್ನು ಬರೆದುಕೊಂಡರು.

ನೊರೀನ್ ಮದುವೆಯಾದ ಮೇಲೆ ಮೊದಲ ಬಾರಿ ಸಭೆಯಲ್ಲಿ ಬಾಯಿ ಬಿಟ್ಟಳು. "ಹೊಡೆದದ್ದು ಅವನಲ್ಲ. ಅವೆಲ್ಲ ನಾನು ಚುಚ್ಚಿದ್ದು."

ಇಡೀ ಕಟ್ಟೆ ನಕ್ಕಿತು. ವೆಂಡಲ್ ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕ. ಅರ್ಲೀನ್ ಅವಳ ಭುಜ ತಟ್ಟಿ, "ಗಂಡ ಗೆದ್ದಾಗ ಒಂಚೂರು ಹೊಟ್ಟೆ ಉರಿಯೋದು ಸಹಜ ಕಣೇ, ತಪ್ಪು ತಿಳ್ಕೋಬೇಡ" ಎಂದಳು.

ಟ್ರೋಫಿ ಕೈಗೆ ಬಂದದ್ದಷ್ಟೇ ಅಲ್ಲ, ಅಲ್ಲೇ ನಿಂತು ಪಂದ್ಯ ನಡೆಸುವ ಸಂಘದವರು ಇನ್ನೊಂದು ತೀರ್ಮಾನ ಮಾಡಿದರು. ಇನ್ನು ಪ್ರತಿ ಶನಿವಾರ ರಾಯ್ಸ್ ಬಿಲ್ಲುಪಾಠ ಹೇಳಿಕೊಡಬೇಕು, ಪಾಠ ಅವನ ಗ್ಯಾರೇಜಿನಲ್ಲಿ, ದೋಣಿಯ ಸುತ್ತ. ಕಾಫಿಯ ಚಿಂತೆ ಬೇಡ, ನೊರೀನ್ ಇದ್ದಾಳಲ್ಲ ಎಂದ ವೆಂಡಲ್.

ದೋಣಿಯನ್ನು ಗಾಲಿಗಾಡಿಗೆ ಏರಿಸಿದ ಮೇಲೆ ರಾಯ್ಸ್ ನಾಳೆಯ ಕಾರ್ಯಕ್ರಮ ತಿಳಿಸಿದ. ಚರ್ಚು ಮುಗಿದ ಕೂಡಲೇ ವೆಂಡಲನನ್ನೂ ಇನ್ನಿಬ್ಬರನ್ನೂ ಕೂರಿಸಿಕೊಂಡು ತಾನೇ ದೋಣಿ ಇಳಿಸಿ, ತಾನೇ ಓಡಿಸುತ್ತಾನಂತೆ. "ನೀನು ಮನೇಲಿ ಆರಾಮಾಗಿರು ಚಿನ್ನ. ಗಂಡಸರ ಮಾತು ನಿಂಗೆ ಬೇಜಾರು." ಹೇಳಿ ಟ್ರಕ್ಕು ಹತ್ತಿ ಟ್ರೋಫಿಯನ್ನು ಮಡಿಲಲ್ಲಿಟ್ಟುಕೊಂಡ.

ನೊರೀನ್ ದೋಣಿಯ ಹಿಂದೆ ಬಗ್ಗಿ, ತಳದಲ್ಲಿರುವ ಹಿತ್ತಾಳೆಯ ಬಿರಡೆ ತಿರುಗಿಸಿ ತೆಗೆದಳು. ಒಳಗೆ ನಿಂತಿದ್ದ ನೀರು ಕೆಂಪಗೆ ಹರಿದುಹೋಯಿತು. ಪ್ರತಿ ಸಲವೂ ನೀರಿಗಿಳಿಸುವ ಮೊದಲು ಅದನ್ನು ಮತ್ತೆ ಬಿಗಿಯುತ್ತಿದ್ದವಳು ಅವಳೇ. ತನ್ನ ದೋಣಿಯ ತಳದಲ್ಲಿ ಒಂದು ತೂತಿದೆ ಎಂಬುದು ರಾಯ್ಸನಿಗೆ ಗೊತ್ತಿದೆಯೋ ಇಲ್ಲವೋ, ಅವಳು ಯಾವತ್ತೂ ಕೇಳಿರಲಿಲ್ಲ. ಕಟ್ಟೆಯ ಹತ್ತಿರ ನೀರು ಸೊಂಟದವರೆಗೆ ಮಾತ್ರ. ಗಂಡಸರು ನಡೆದುಕೊಂಡು ದಡಕ್ಕೆ ಬರಬಹುದು, ದೋಣಿಯೂ ಮೋಟಾರೂ ಗ್ಯಾರೇಜಿಗೆ ಬರಲಾರವು.

ಬಿರಡೆಯನ್ನು ತೊಳೆದು, ಒರೆಸಿ, ಕೈಚೀಲದ ಒಳಜೇಬಿಗೆ ಹಾಕಿ ಜಿಪ್ಪು ಎಳೆದಳು.

"ಎಲ್ಲ ಸರಿ ಇದೆಯಾ?" ಎಂದು ರಾಯ್ಸ್ ಟ್ರಕ್ಕಿನಿಂದ ಕೂಗಿದ.

ಎಲ್ಲ ಸರಿ ಇದೆ ಎಂದು ಹೇಳಿ ನೊರೀನ್ ಅವನ ಪಕ್ಕದಲ್ಲಿ ಹೋಗಿ ಕೂತಳು.