ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ

ಎಕ್ಕ, ರಾಜ, ರಾಣಿ, ಗುಲಾಮ. ಈ ನಾಲ್ಕು ಎಲೆಗಳನ್ನು ನಾಲ್ಕು ಜನರಿಗೆ ಒಂದೊಂದರಂತೆ ಇಪ್ಪತ್ತನಾಲ್ಕು ರೀತಿಯಲ್ಲಿ ಹಂಚಬಹುದು. ಕೊಪ್ಪದ ಕಾಲೇಜೊಂದರ ಗಣಿತ ಉಪನ್ಯಾಸಕ ಶ್ರೀಕಾಂತ ಹಾಗೆಂದಾಗ ಹಿಂದಿನ ಬೆಂಚಿನವರು ನಂಬಲಿಲ್ಲ. "ಸೋಮವಾರ ಒಂದೊಂದನ್ನೂ ಹಂಚಿ ತೋರಿಸ್ತೀನಿ, ಗಣಿತದ ಮೇಲಾಣೆ" ಎಂದು ಘೋಷಿಸಿದ ಅವನು, ಮನೆಗೆ ಬರುವಾಗ ಜೀವನದಲ್ಲೇ ಮೊದಲ ಬಾರಿಗೆ ಒಂದು ಕಟ್ಟು ಇಸ್ಪೀಟು ಕೊಂಡ.

ಭಾನುವಾರ ಮಧ್ಯಾಹ್ನ ಬಾಡಿಗೆಮನೆಯಲ್ಲಿ ನಾಲ್ಕು ಚಾಪೆ ಹಾಸಿ ತಾಲೀಮು ಶುರುವಾಯಿತು. ಹಿಂದಿನ ದಿನ ಕಾಲೇಜು ಬಿಟ್ಟ ಮೇಲೆ ಅವನು ಯಾರೊಂದಿಗೂ ಮಾತಾಡಿರಲಿಲ್ಲ. ಹೆಂಡತಿ ಅಂಬಿಕಾಗೆ ಹಾಸನದ ಬ್ಯಾಂಕಿನಲ್ಲಿ ಕೆಲಸ. ಹಾಗಾಗಿ ಚಾಪೆಗಳ ಜೊತೆಗೇ ಮಾತು ಬೆಳೆಯಿತು.

"ರಾಣಿ ನಿಮಗೆ ಸ್ವಾಮಿ. ಅಯ್ಯೋ, ನಿಮಗೆ ಮತ್ತೆ ಗುಲಾಮನೇ ಬಂದನಲ್ಲ."

ಬಾಗಿಲು ಬಡಿದ ಸದ್ದು. ಮನೆಯೊಡತಿ ಭೈರಮ್ಮ.

"ಗುಂಪು ಕಟ್ಕೊಂಡು ಇಸ್ಪೀಟ್ ಆಡೋದಾದ್ರೆ ಮನೆ ಖಾಲಿ ಮಾಡ್ಬೇಕು ಅಂತ ಮೊದ್ಲೇ ಹೇಳಿರ್ಲಿಲ್ವಾ ಮೇಷ್ಟ್ರೇ?"

"ಗುಂಪೆಲ್ಲಿ ಭೈರಮ್ಮೋರೇ? ನಾನೊಬ್ನೇ."

"ಒಬ್ರಿಗೆ ನಾಕು ಚಾಪೆ ಎಂತಕ್ಕೆ ಮಾರಾಯ್ರೆ? ಹೊರಗೆ ನಾಕು ಜೊತೆ ಚಪ್ಪಲಿ ಬೇರೆ. ಉಳ್ದೋರನ್ನ ಹಿತ್ಲ ಬಾಗ್ಲಲ್ಲಿ ಓಡ್ಸಿದ್ರಾ?"

ಚಪ್ಪಲಿಯ ಸಂಗತಿ ಹೇಳಲೇಬೇಕಾಯಿತು. ಗಂಡ ಒಬ್ಬನೇ ಇರುವುದು ಹೋಗಿಬರುವವರಿಗೆ ತಿಳಿಯಬಾರದೆಂದು ಅಂಬಿಕಾ ಅವನ ಹಳೆಯ ಚಪ್ಪಲಿಗಳನ್ನೆಲ್ಲ ಬಾಗಿಲಲ್ಲಿ ಸಾಲಾಗಿ ಇಡಿಸಿದ್ದಳು. ಕಾಲೇಜಿನಿಂದ ಬರುವಾಗ ದೂರದಿಂದ ಅವು ಕಂಡು, ಯಾರೋ ಬಂದಿದ್ದಾರೆಂದು ಒಮ್ಮೊಮ್ಮೆ ಅವನೇ ಹೆಜ್ಜೆ ಚುರುಕು ಮಾಡುವುದಿತ್ತು. ಆ ಕೊನೆಯ ಮಾತನ್ನು ಮಾತ್ರ ಅವನು ಹೇಳಲಿಲ್ಲ.

ಭೈರಮ್ಮನಿಗೆ ನಂಬಿಕೆ ಬರಲಿಲ್ಲ. ಶ್ರೀಕಾಂತ ಹೊರಗೆ ಬಂದು ಒಂದೊಂದರಲ್ಲೂ ಕಾಲು ತೂರಿಸಿ ತೋರಿಸಿದ. ಎಲ್ಲವೂ ಅಳತೆಗೆ ಸರಿ. ಎಲ್ಲದರ ಬಲಗಾಲಿನ ಹಿಮ್ಮಡಿಯೂ ಒಂದೇ ಕಡೆ ಸವೆದಿತ್ತು.

"ನಾನಿಲ್ಲಿಗೆ ಬಂದು ವರ್ಷ ಆಯ್ತು. ಈ ಮನೆಗೆ ಯಾರಾದ್ರೂ ಬಂದಿದ್ದು ನೋಡಿದೀರಾ?"

ಭೈರಮ್ಮ ಯೋಚಿಸಿದರು. "ಗ್ಯಾಸಿನೋನು ಬಂದಿದ್ದ."

"ಅವ್ನು ಸಿಲಿಂಡರ್ ಹೊರಗೇ ಇಟ್ಟು ಹೋಗ್ತಾನೆ."

ಭೈರಮ್ಮ ಒಂದು ಹಳೆಯ ಜೊತೆಯನ್ನು ಕಾಲಲ್ಲೇ ಪಕ್ಕಕ್ಕೆ ತಳ್ಳಿ, ಆ ಜಾಗದಲ್ಲಿ ತಮ್ಮ ಚಪ್ಪಲಿ ಬಿಟ್ಟು, ಒಳಗೆ ಬಂದು ಚಾಪೆಯ ಮೇಲೆ ಕೂತರು.

"ಇಬ್ರು ಅಂದ್ರೆ ಗುಂಪಲ್ಲ. ಹಾಕಿ ಎಲೆ. ರಮ್ಮಿ ಬರ್ತದಲ್ಲ?"

ಶ್ರೀಕಾಂತ ಕಟ್ಟನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿದ.

"ನಂಗೆ ಹಂಚೋಕೆ ಮಾತ್ರ ಬರೋದು."