ಹಚ್ಚೆಯ ಹೊತ್ತಿನ ಬೈಗುಳ

೧೯೭೯ನೆಯ ಇಸವಿ, ಮಾರ್ಚ್ ಹನ್ನೊಂದು, ಭಾನುವಾರ. ಬೆಳಗ್ಗೆ ಚನ್ನಗಿರಿಯ ಮೇಲೆ ಮೋಡ ಕವಿಯಿತು. ನಾಲ್ಕು ಹನಿ ಉದುರಿಸಿ, ಹೆಂಗಸರು ಅಂಗಳದ ಒಣಮೆಣಸಿನಕಾಯಿಯನ್ನೆಲ್ಲ ಒಳಗೆ ಹೊತ್ತು ಮುಗಿಸುವುದನ್ನೇ ಕಾದಿದ್ದು, ಹೊರಟುಹೋಯಿತು. ಹತ್ತು ಗಂಟೆಯ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು.

ಆ ಬಿಸಿಲಿನಲ್ಲಿ ಗಣಿತದ ಮೇಷ್ಟರು ಮುರುಗೇಶಪ್ಪನವರು ತಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಎದೆಯ ಮೇಲೆ ಕೈಕಟ್ಟಿ, ಒಂದು ಘೋಷಣೆಯನ್ನು ಹೊರಡಿಸಿದರು.

“ನೋವು ಅನ್ನೋದು ಇಲ್ಲವೇ ಇಲ್ಲ! ಅದು ಬರೀ ಮನಸ್ಸಿನ ಕಲ್ಪನೆ. ಇವತ್ತು ನಿಮಗೆಲ್ಲ ಸಾಬೀತು ಮಾಡಿ ತೋರಿಸ್ತೀನಿ.”

ಸಾಬೀತು ಮಾಡುವವರು ಅವರು. ಸೂಜಿ ಚುಚ್ಚಿಸಿಕೊಳ್ಳುವವಳು ಮಾತ್ರ ಅವರ ಹೆಂಡತಿ ರುದ್ರಾಣಿ!

ಸಂಗತಿ ಇಷ್ಟು. ಮುರುಗೇಶಪ್ಪನವರ ತಾಯಿ ಸರ್ವಮಂಗಳಮ್ಮನವರಿಗೆ ಸೊಸೆಯ ಮೇಲೆ ಇದ್ದ ದೂರು ಒಂದೇ. ರುದ್ರಾಣಿ ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು. ಅವಳ ಕೈಮೇಲೆ ಹಚ್ಚೆಯ ಒಂದು ಚುಕ್ಕಿಯೂ ಇರಲಿಲ್ಲ. “ಸುಣ್ಣ ಬಳಿದ ಗೋಡೆ ಇದ್ದಂಗೈತೆ ನಿನ್ನ ಕೈ. ಸಾಯೋ ಕಾಲದಾಗೆ ನನ್ನ ಬಾಯಿಗೆ ಇದೇ ಬೋಳುಗೈಲಿ ನೀರು ಬಿಡ್ತೀಯೇನೇ?” ಎಂದು ಅವರು ಇಪ್ಪತ್ತು ವರ್ಷ ಕೇಳಿದ್ದರು. ಹಚ್ಚೆಯ ಸೂಜಿಯೆಂದರೆ ಹೆದರಿ ಸಾಯುತ್ತಿದ್ದ ರುದ್ರಾಣಿ ಇಪ್ಪತ್ತು ವರ್ಷವೂ ಮಾತು ಮರೆಸಿ, ಅಡುಗೆಮನೆ ಸೇರಿಕೊಂಡಿದ್ದಳು. ಈ ಸಲ ಸುಗ್ಗಿಯ ಹೊತ್ತಿಗೆ ಅತ್ತೆ ಎರಡು ಬಾರಿ ಜ್ವರ ಹಿಡಿದು ಮಲಗಿದ್ದನ್ನು ಕಂಡು ಅವಳ ಮನಸ್ಸು ಕರಗಿತು. “ಆತು ಬಿಡ್ರಿ, ಹಾಕಿಸ್ಕಂತೀನಿ,” ಅಂದುಬಿಟ್ಟಳು. ಮುಂಗೈ ಮೇಲೆ ಒಂದೇ ಒಂದು ಸಣ್ಣ ತಾವರೆ ಎಂದು ಒಪ್ಪಂದವೂ ಆಯಿತು.

ಜಗಳೂರು ಕಡೆಯಿಂದ ವರ್ಷಕ್ಕೊಮ್ಮೆ ಬರುತ್ತಿದ್ದ ಹಚ್ಚೆಯ ಬಂಗಾರಮ್ಮನಿಗೆ ಹೇಳಿಕಳಿಸಿದರು. ಸಾಸ್ವೆಹಳ್ಳಿಗೆ ಕೊಟ್ಟಿದ್ದ ಮೇಷ್ಟರ ತಂಗಿ ಸಿದ್ದಲಿಂಗಮ್ಮ, ತಾಯಿಯನ್ನು ನೋಡುವ ನೆಪದಲ್ಲಿ ಶನಿವಾರವೇ ಬಂದಿಳಿದಿದ್ದಳು. ಅರಿಶಿನದ ಬಟ್ಟಲು ಹಿಡಿದು ಅತ್ತಿಗೆಯ ಪಕ್ಕದಲ್ಲಿ ಕುಳಿತಳು. ಬೀದಿಯ ಹೆಂಗಸರು ಜಗಲಿ ತುಂಬಿದರು.

ಮುರುಗೇಶಪ್ಪನವರ ಸಿದ್ಧತೆ ಇದಕ್ಕಿಂತ ಮಿಗಿಲಾಗಿತ್ತು. ನೋವನ್ನು ಗೆಲ್ಲುವ ಬಗೆಯ ಕುರಿತು ವಾರಪತ್ರಿಕೆಯೊಂದರಲ್ಲಿ ಬಂದಿದ್ದ ಲೇಖನವನ್ನು ಅವರು ಮೂರು ಸಲ ಓದಿ ಮನನ ಮಾಡಿದ್ದರು. ಮನಸ್ಸನ್ನು ಕಠಿಣವಾದ ಬೇರೊಂದು ಕೆಲಸಕ್ಕೆ ಹಚ್ಚಿದರೆ ದೇಹದ ನೋವು ತಿಳಿಯುವುದೇ ಇಲ್ಲವಂತೆ!

“ನೋಡು, ಸೂಜಿ ಇಟ್ಟ ತಕ್ಷಣ ಹದಿನೇಳರ ಮಗ್ಗಿ ಶುರು ಮಾಡು. ಹದಿನೇಳು ಹತ್ತಲಿ ಮುಟ್ಟೋದರೊಳಗೆ ತಾವರೆ ಮುಗಿದಿರ್ತೈತೆ.”

“ಮಗ್ಗಿನೇನ್ರಿ?” ರುದ್ರಾಣಿಯ ಮುಖ ಆಗಲೇ ಬಿಳಿಚಿಕೊಂಡಿತ್ತು.

“ಮಗ್ಗಿನೇ! ಇದು ವಿಜ್ಞಾನ.”

ಬಂಗಾರಮ್ಮ ತೆಂಗಿನ ಚಿಪ್ಪಿನಲ್ಲಿ ದೀಪದ ಕಪ್ಪನ್ನು ಸೊಪ್ಪಿನ ರಸದೊಂದಿಗೆ ಕಲಸಿದಳು. ದಾರದಲ್ಲಿ ಬಿಗಿದ ಮೂರು ಸೂಜಿಗಳ ಮೊನೆಯನ್ನು ಉಗುರಿಗೆ ಒತ್ತಿ ನೋಡಿ, ಬಾಯೊಳಗಿನ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು.

“ಕೈ ಹಿಡ್ಕಳಾಕೆ ಒಬ್ರು ಬೇಕು. ಹಿಡಿದೋರು ಹಚ್ಚೆ ಮುಗಿಯೋ ತನಕ ಎದ್ದು ಹೋಗಂಗಿಲ್ಲ.”

“ನಾನೇ ಹಿಡೀತೀನಿ!” ಎಂದು ಮುರುಗೇಶಪ್ಪನವರು ಚಾಪೆಯ ಮೇಲೆ ಪದ್ಮಾಸನ ಹಾಕಿ, ಜಗಲಿಯ ಕಡೆ ಒಮ್ಮೆ ನೋಡಿ, ಹೆಂಡತಿಯ ಮಣಿಕಟ್ಟನ್ನು ಹಿಡಿದರು. ಇಂಥ ಗಂಡ ಊರಿಗೆಷ್ಟು ಮಂದಿ ಎಂಬ ಪ್ರಶ್ನೆ ಅವರ ಮುಖದಲ್ಲೇ ಬರೆದಿತ್ತು.

“ಇನ್ನೊಂದು ಐತೆ. ಉರಿ ತಡೀದಿದ್ರೆ ಬೈಬೌದು ಕಣವ್ವ. ಅತ್ತೆ, ಮಾವ, ಗಂಡ, ಯಾರನ್ನ ಬೇಕಾದ್ರೂ ಬೈಯಿ. ಸೂಜಿ ಆಡೋವಾಗ ಬೈದದ್ದಕ್ಕೆ ಲೆಕ್ಕ ಇಲ್ಲ. ಆದ್ರೆ ಬೈಸಿಕೊಂಡೋರು ಆಗ ತಿರುಗಿ ಮಾತಾಡಂಗಿಲ್ಲ. ಮಾತಾಡಿದ್ರೆ ಹಚ್ಚೆ ಹಸಿರು ಚರ್ಮಕ್ಕೆ ಕೂಡಲ್ಲ, ಗಾಯ ಕೀವಾಗ್ತೈತೆ.”

“ಹೌದು ಕಣೋ ಮುರುಗೇಶ,” ಎಂದು ಗೋಡೆಗೊರಗಿದ್ದ ಸರ್ವಮಂಗಳಮ್ಮನವರು ಉತ್ಸಾಹದಿಂದ ಎದ್ದು ಕುಳಿತರು. “ನಂಗೆ ಹಾಕಿಸ್ದಾಗ ಎಮ್ಮೆ ಮಾರಿದ್ದಕ್ಕೆ ನಿಮ್ಮಪ್ಪನ್ನ ಹೆಂಗೆ ಬೈದೆ ಅಂತೀಯ! ಅಷ್ಟು ಸುಖ ಆಮ್ಯಾಲೆ ಸಿಗಲೇ ಇಲ್ಲ.”

ಮುರುಗೇಶಪ್ಪನವರು ಔದಾರ್ಯದ ನಗೆ ನಕ್ಕರು. “ಬೈಲಿ ಬಿಡವ್ವ. ಇಪ್ಪತ್ತು ವರ್ಷದಾಗೆ ನಾನು ಇವಳಿಗೆ ಒಂದು ಜೋರು ಮಾತಾಡಿಲ್ಲ. ಬೈಯಾಕೆ ಇವಳಿಗೆ ವಿಷಯಾನಾದ್ರೂ ಏನೈತೆ?”

ಸೂಜಿ ಇಳಿಯಿತು.

“ಅಯ್ಯಯ್ಯೋ!”

“ಮಗ್ಗಿ! ಮಗ್ಗಿ!”

“ಹದಿನೇಳು ಒಂದ್ಲಿ ಹದಿನೇಳು… ಅಪ್ಪಾ… ಹದಿನೇಳು ಎರಡ್ಲಿ ಮೂವತ್ನಾಕು…”

“ಭೇಷ್! ನೋಡಿದ್ರಾ?” ಎಂದು ಮೇಷ್ಟರು ಜಗಲಿಗೆ ಹೇಳಿದರು.

“ಹದಿನೇಳು ಮೂರ್ಲಿ ಐವತ್ತೊಂದು… ಹದಿನೇಳು ನಾಕ್ಲಿ… ನಾಕ್ಲಿ…”

ರುದ್ರಾಣಿಯ ಕಣ್ಣು ನಾದಿನಿಯ ಕೈಯಲ್ಲಿದ್ದ ಅರಿಶಿನದ ಬಟ್ಟಲಿನ ಮೇಲೆ ಬಿತ್ತು, ಅಲ್ಲಿಂದ ಸಿದ್ದಲಿಂಗಮ್ಮನ ರವಿಕೆಯ ಮೇಲೆ ಬಿತ್ತು, ಅಲ್ಲೇ ನಿಂತಿತು.

“ನಾಕು ವರ್ಷ! ನಾಕು ವರ್ಷ ಆತು ನನ್ನ ಹೊಲಿಗೆ ಮಿಷನ್ನು ಹೋಗಿ!”

ಜಗಲಿಯ ಹೆಂಗಸರು ಕತ್ತು ಮುಂದೆ ಚಾಚಿದರು. ಬಂಗಾರಮ್ಮನ ಸೂಜಿ ಟುಕುಟುಕು ಎಂದು ಆಡುತ್ತಲೇ ಇತ್ತು.

“ನಮ್ಮಪ್ಪ ಕೊಡಿಸಿದ್ದ ಮಿಷನ್ನು! ಇಡೀ ಬೀದಿಯ ರವಿಕೆ ಹೊಲೀತಿದ್ದೆ. ನಾನು ಒಳಗೆ ಹಿಟ್ಟು ನಾದೋ ಹೊತ್ತಿಗೆ ಗಾಡಿಗೆ ಹಾಕಿ ಕಳಿಸಿದ್ರಲ್ಲ, ನಿಮ್ಮ ದೊಡ್ಡಸ್ತಿಕೆಗೆ ಬೆಂಕಿ ಹಾಕ! ‘ತಂಗಿ ನಾಕು ದಿನಕ್ಕೆ ಕೇಳ್ಯಾಳೆ, ಅತ್ತು ಕೇಳ್ಯಾಳೆ ಕಣೇ, ಪಾಪ’ ಅಂದ್ರಿ. ನಾಕು ದಿನ! ಇವ್ರು ಮಕ್ಕಳಿಗೆ ಲೆಕ್ಕ ಕಲಿಸೋ ಮೇಷ್ಟ್ರು! ಥೂ ನಿಮ್ಮ ಗಣಿತಕ್ಕೆ!”

ಜಗಲಿಯ ಮೇಲೆ ಅವರ ಶಾಲೆಯ ಮಕ್ಕಳ ತಾಯಂದಿರು ಅರ್ಧ ಡಜನ್ ಇದ್ದರು.

ಮುರುಗೇಶಪ್ಪನವರ ರಕ್ತ ಕುದಿಯಿತು. ಕಿವಿಯ ತುದಿ ಕೆಂಪಾಗಿ, ಕತ್ತಿನ ನರ ಉಬ್ಬಿ, ಅನ್ನದ ಪಾತ್ರೆಯ ಮುಚ್ಚಳದಂತೆ ತುಟಿಗಳು ಅದುರಿದವು. “ಏನೇ ನೀನು…” ಎಂದು ಅವರು ಗರ್ಜಿಸುವಷ್ಟರಲ್ಲಿ,

“ಬಾಯಿ ಮುಚ್ಚೋ ಲೇ! ಹಚ್ಚೆ ಕೀವಾಗ್ತೈತೆ!” ಎಂದು ತಾಯಿ ಅದಕ್ಕಿಂತ ದೊಡ್ಡದಾಗಿ ಗರ್ಜಿಸಿದರು.

ಎದ್ದು ಹೋಗುವಂತಿಲ್ಲ, ಕೈ ಹಿಡಿದಾಗಿದೆ. ಮಾತಾಡುವಂತಿಲ್ಲ, ಸೂಜಿ ಆಡುತ್ತಿದೆ. ಮನುಷ್ಯನ ಸಿಟ್ಟಿಗೆ ಮೂಗಿನ ಹೊಳ್ಳೆಗಳೆರಡೇ ದಾರಿಯಾಗಿ ಉಳಿದರೆ ಅವನ ಪಾಡು ಏನಾಗಬೇಡ! ಮೇಷ್ಟರು ಕಮ್ಮಾರನ ತಿದಿಯಂತೆ ಉಸಿರುಬಿಟ್ಟರು.

“ಈ ತಂಗಿನೂ ತಂಗಿಯೇ! ಊರ ಮುಂದೆ ಅತ್ತಿಗೆ ಅತ್ತಿಗೆ ಅಂತ ಬಾಯ್ತುಂಬ ಕರೀತಾಳೆ. ಹೋದ ಸಾಮಾನಿನ ಸುದ್ದಿ ಮಾತ್ರ ಬಾಯಿಗೇ ಬರಲ್ಲ. ದಾನ ಮಾಡಿದ್ವೇನೋ ಅನ್ನಂಗೆ ಇಟ್ಕಂಡು ಕುಂತಾಳೆ!”

ಸಿದ್ದಲಿಂಗಮ್ಮ ಅರಿಶಿನದ ಬಟ್ಟಲನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಳು. ಅವಳಿಗೂ ಮಾತಿಗೆ ನಿಷೇಧ. ಅಣ್ಣತಂಗಿ ಇಬ್ಬರೂ ಎದುರುಬದುರು ಕುಳಿತು, ಒಂದೇ ಒಲೆಯ ಮೇಲಿನ ಎರಡು ಹಂಡೆಗಳಂತೆ ಕುದಿಯತೊಡಗಿದರು.

ಅಷ್ಟರಲ್ಲಿ ಬಂಗಾರಮ್ಮನಿಗೆ ಎಲೆಅಡಿಕೆ ಉಗುಳಬೇಕಾಯಿತು. ಸೂಜಿ ಕೆಳಗಿಟ್ಟು ಎದ್ದಳು. ಅವಳು ಹೊಸಿಲು ದಾಟಿದಳೋ ಇಲ್ಲವೋ, ಸಿದ್ದಲಿಂಗಮ್ಮ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

“ಯಾರು ಕೇಳಿದ್ರು ಅತ್ತಿಗೆ ನಿನ್ನ ಮಿಷನ್ನ? ಯಾರು ಅತ್ರು? ನೀನೂ ಅವ್ವನೂ ಬರದೇ ಇದ್ದ ನಮ್ಮ ಮನೆ ಗೃಹಪ್ರವೇಶದ ದಿನ ನೂರು ಮಂದಿ ಎದುರಿಗೆ ಎದ್ದು ನಿಂತು, ‘ನನ್ನ ತಂಗಿಗೆ ನನ್ನ ಹೆಂಡತಿ ಪ್ರೀತಿಯಿಂದ ಕೊಡ್ತಿರೋ ಉಡುಗೊರೆ’ ಅಂತ ಭಾಷಣ ಮಾಡಿದ್ದು ಯಾರು? ಇದೇ ಅಣ್ಣ! ‘ಅವಳಿಗೆ ಹೊಲಿಗೆ ಬ್ಯಾಸರ ಆಗೈತೆ, ತಗಂಡು ಹೋಗು ಅಂತ ಅವಳೇ ಬಲವಂತ ಮಾಡ್ಯಾಳೆ’ ಅಂದ!”

ರುದ್ರಾಣಿ ನಿಧಾನವಾಗಿ ಗಂಡನ ಕಡೆ ತಿರುಗಿ, ಅವರ ಮೇಲೆ ಕಣ್ಣು ನೆಟ್ಟೇ ನಾದಿನಿಯನ್ನು ಕೇಳಿದಳು.

“ಮತ್ತೆ ಹೇಳು. ನಾನು ಕೊಟ್ಟೆ ಅಂದ್ರಾ?”

“ನಿನ್ನಾಣೆ ಅತ್ತಿಗೆ. ಕುಂಕುಮ ಹಚ್ಚಿ ಇಳಿಸ್ಕಂಡೆ. ನಂಗೇನು ಹೊಲಿಯಾಕೆ ಬರ್ತೈತಾ? ನಾಕು ವರ್ಷದಿಂದ ಅದರ ಮೇಲೆ ರೇಡಿಯೋ ಇಟ್ಟೀವಿ!”

ರೇಡಿಯೋ ಎಂಬ ಮಾತು ಕೇಳಿ ರುದ್ರಾಣಿಯ ಮುಖದಲ್ಲಿ ಉಂಟಾದ ಬದಲಾವಣೆಯನ್ನು ನೋಡಿ ಜಗಲಿಯ ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು.

ಮುರುಗೇಶಪ್ಪನವರಿಗೆ ಇದು ಸುಸಂದರ್ಭವೆನಿಸಿತು. ಸೂಜಿ ಕೆಳಗಿತ್ತು, ನಿಯಮ ಸಡಿಲವಾಗಿತ್ತು. ಕೌಟುಂಬಿಕ ಗೌರವ, ಹಿರಿಯಣ್ಣನ ಹೊಣೆ, ಆ ದಿನದ ವಿಶೇಷ ಪರಿಸ್ಥಿತಿ ಇವುಗಳನ್ನು ಕುರಿತ ದೀರ್ಘವಾದ ಸಮರ್ಥನೆ ಅವರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಗಂಟಲು ಸರಿಮಾಡಿಕೊಂಡರು.

“ನೋಡು ರುದ್ರಾಣಿ, ಅವತ್ತು ಏನಾತು ಅಂದ್ರೆ…”

“ಬಂಗಾರಮ್ಮ! ಬೇಗ ಬಾರವ್ವ, ಸೂಜಿ ಹಚ್ಚು!”

ಬಂಗಾರಮ್ಮ ಬಾಯೊರೆಸಿಕೊಳ್ಳುತ್ತ ಓಡಿಬಂದಳು. “ತಾವರೆ ಮುಗೀತಲ್ಲವ್ವ?”

“ತಾವರೆಗೆ ದಂಟು ಬ್ಯಾಡವೇನು? ದಂಟು ಹಾಕು!”

ಸೂಜಿ ಇಳಿಯಿತು. ಮೇಷ್ಟರ ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಂತಿತು.

ಆಮೇಲೆ ನಡೆದದ್ದನ್ನು ಬಣ್ಣಿಸಲು ಸಭ್ಯವಾದ ಕನ್ನಡ ಸಾಲದು. ದಂಟು ಮಣಿಕಟ್ಟಿನಿಂದ ಮೇಲೇರುತ್ತ ಹೋಯಿತು. ಅದರ ಜೊತೆಗೆ ಬೈಗುಳವೂ ಏರಿತು. ಅಪ್ಪ ಕೊಡಿಸಿದ್ದನ್ನು ದಾನ ಮಾಡಿ ಹೆಸರು ತಗೊಂಡ ಹೊಗಳುಭಟ್ಟನಿಗೆ ಒಂದು ಸುತ್ತು. ಹೆಂಡತಿಯ ಬಾಯಲ್ಲಿ ಆಡದ ಮಾತನ್ನು ತುರುಕಿದ ಸುಳ್ಳುಬುರುಕನಿಗೆ ಇನ್ನೊಂದು ಸುತ್ತು. ದಂಟು ಮುಗಿಯುವಾಗ ಮುರುಗೇಶಪ್ಪನವರು “ಆದ್ರೆ…” ಅಂದರು. “ಎಲೆ ಹಾಕು!” ಎಂದಳು ರುದ್ರಾಣಿ. ಒಂದು ಎಲೆ ಮುಗಿದಾಗ “ಅದಲ್ಲ ಕಣೇ…” ಅಂದರು. “ಇನ್ನೊಂದು ಎಲೆ!”

“ಅವ್ವಾ, ಉರಿ ಹೆಂಗೈತೆ?” ಎಂದು ಬಂಗಾರಮ್ಮನೇ ಗಾಬರಿಯಾಗಿ ಕೇಳಿದಳು.

“ಉರಿಯೇ ಇಲ್ಲ! ನಮ್ಮ ಮೇಷ್ಟ್ರು ಹೇಳ್ಲಿಲ್ವಾ, ನೋವು ಬರೀ ಕಲ್ಪನೆ. ನೀನು ನಿಲ್ಲಿಸಬ್ಯಾಡ. ಅಷ್ಟು ದೊಡ್ಡ ಸೂಳೆಕೆರೆ ಪೂರ್ತಿ ಬರೆದ್ರೂ ಇವರ ಬಾಕಿ ತೀರಾಕಿಲ್ಲ.”

ಎರಡನೆಯ ಎಲೆಯ ತುದಿಯಲ್ಲಿ ಅವಳ ದನಿ ಇದ್ದಕ್ಕಿದ್ದಂತೆ ತಗ್ಗಿತು. ಬೈಗುಳಕ್ಕಿಂತ ಅದೇ ಹೆಚ್ಚು ಬಿಸಿಯಾಗಿತ್ತು.

“ಒಂದು ರವಿಕೆ ಹೊಲಿದ್ರೆ ಒಂದೂವರೆ ರೂಪಾಯಿ ಬರ್ತಿತ್ತು. ಅದು ನಂದು. ಬಳೆ ಬೇಕಾದ್ರೆ ಬಳೆ, ತವರಿಗೆ ಹೋಗಾಕೆ ಬಸ್ ಚಾರ್ಜು. ಈಗ ಒಂದು ಹೇರ್‌ಪಿನ್ನಿಗೂ ನಿಮ್ಮ ಮುಂದೆ ಕೈ ಚಾಚಬೇಕು. ಕೊಡ್ತೀರಿ, ಇಲ್ಲ ಅನ್ನಲ್ಲ. ಯಾಕೆ ಅಂತ ಕೇಳಿ ಕೊಡ್ತೀರಿ. ಆ ‘ಯಾಕೆ’ ಐತಲ್ಲ, ಈ ಸೂಜಿ ಅದರ ಮುಂದೆ ಏನೂ ಅಲ್ಲ.”

ಮುರುಗೇಶಪ್ಪನವರ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಅದಕ್ಕೆ ಕೂರಲು ಜಾಗ ಸಿಗದಂತಾಗಿತ್ತು. ಹೆಂಡತಿಯ ಮೇಲೆ ಕೂರಿಸಲು ಹೋದರೆ ಜಾರಿ ತಮ್ಮ ತೊಡೆಯ ಮೇಲೆಯೇ ಬೀಳುತ್ತಿತ್ತು.

ಕಡೆಗೂ ರುದ್ರಾಣಿ ಕೈ ಎಳೆದುಕೊಂಡಳು. ಮೊಣಕೈವರೆಗೂ ಹಬ್ಬಿದ್ದ ಹಚ್ಚೆಗೆ ಬಂಗಾರಮ್ಮ ಅರಿಶಿನ ಮೆತ್ತಿ, ಸೂಜಿ ಒರೆಸಿದಳು. ಮೇಷ್ಟರು ಬಿಡುಗಡೆಯ ಉಸಿರೆಳೆದು, ಜೋಮು ಹಿಡಿದ ಕಾಲನ್ನು ಬಿಡಿಸಿಕೊಳ್ಳುತ್ತಿದ್ದರು.

“ತಡಿ,” ಎಂದಳು ಸಿದ್ದಲಿಂಗಮ್ಮ.

ಅವಳ ಎರಡೂ ಕೈ ಮದುವೆಗೆ ಮೊದಲೇ ಹಚ್ಚೆಯಿಂದ ತುಂಬಿಹೋಗಿದ್ದವು. ಅವಳು ಬಲಗೈಯನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಹುಡುಕಿ, ಮೊಣಕೈಯ ಹಿಂದೆ ಕಾಸಗಲದ ಒಂದು ಖಾಲಿ ಜಾಗವನ್ನು ಪತ್ತೆ ಮಾಡಿದಳು.

“ಇಲ್ಲೊಂದು ಚೇಳು ಹಾಕವ್ವ ಬಂಗಾರಮ್ಮ. ಅಣ್ಣ, ಬಾ, ಕೈ ಹಿಡಿ.”

“ನಾನ್ಯಾಕೆ? ನಿನ್ನ ಗಂಡನ್ನ ಕರೆಸ್ಕ!”

“ನಾಕು ವರ್ಷ ಅತ್ತಿಗೆ ಕಣ್ಣಾಗೆ ನನ್ನ ಕಳ್ಳಿ ಮಾಡಿದ್ದು ನನ್ನ ಗಂಡನಾ? ಕುಂತ್ಕ!”

ಚೇಳು ಸಣ್ಣದು. ಬೈಗುಳ ಸಾಸ್ವೆಹಳ್ಳಿಯದು, ಊರ ಮುಂದಿನ ನದಿಯ ಆಚೆ ದಡಕ್ಕೆ ಕೂಗಿ ಅಭ್ಯಾಸವಿದ್ದ ಗಂಟಲಿನದು. ಎದುರು ಸಾಲಿನ ಮನೆಯ ಗಂಡಸರೂ ಹೊರಗೆ ಬಂದು ನಿಂತರು. ಚೇಳಿನ ಕೊಂಡಿ ಮುಗಿಯುವ ಹೊತ್ತಿಗೆ ಮುರುಗೇಶಪ್ಪನವರು ಬಾಲ್ಯದಲ್ಲಿ ತಂಗಿಯ ಪಾಲಿನ ಬೆಲ್ಲ ತಿಂದದ್ದೂ ಬೀದಿಗೆ ತಿಳಿದಿತ್ತು.

ಈಗ ಸೂಜಿ ಕೆಳಗಿತ್ತು. ಮಾತಾಡಲು ಯಾರ ಅಡ್ಡಿಯೂ ಇರಲಿಲ್ಲ. ಇಡೀ ಬೀದಿ ಮೇಷ್ಟರ ಬಾಯನ್ನೇ ನೋಡುತ್ತಿತ್ತು. ಅವರು ಬೆವರೊರೆಸಿಕೊಂಡರು.

“ನಾಳೆ ರಜಾ ಹಾಕ್ತೀನಿ. ಹೋಗಿ ಮಿಷನ್ನು ತರ್ತೀನಿ.”

“ನಾಳೆ ಅಂದ್ರೆ ನಾಳೆನೇ ತಾನೆ?” ಎಂದು ಸರ್ವಮಂಗಳಮ್ಮನವರು ಸೆರಗು ಸರಿಸಿ ತಮ್ಮ ತೋಳನ್ನು ಪರೀಕ್ಷಿಸತೊಡಗಿದರು. “ಬಂಗಾರಮ್ಮ, ಇವತ್ತು ಊರಿಗೆ ಹೋಗಬ್ಯಾಡ, ಇಲ್ಲೇ ಇರು. ಇವನು ಬರಿಗೈಲಿ ಬಂದ್ರೆ ನಂದೂ ಒಂದಿಷ್ಟು ಐತೆ ಬೈಯೋದು.”

ಸೋಮವಾರ ಬೆಳಗಿನ ಮೊದಲ ಬಸ್ಸಿಗೇ ಮುರುಗೇಶಪ್ಪನವರು ಹೊರಟರು. ಮಿಷನ್ನು ಸಂಜೆಯೊಳಗೆ ಪಡಸಾಲೆಯ ಕಿಟಕಿಯ ಬಳಿ ಬಂದು ಕುಳಿತಿತು. ರುದ್ರಾಣಿ ಹಚ್ಚೆಯ ಕೈಯಿಂದಲೇ ಅದರ ಗಾಲಿಗೆ ಎಣ್ಣೆ ಬಿಟ್ಟಳು.

ತಗಲಿದ ಖರ್ಚು: ಬಂಗಾರಮ್ಮನಿಗೆ ಅಕ್ಕಿ ಮೂರು ಸೇರು, ತೆಂಗಿನಕಾಯಿ ಎರಡು, ಹಳೆಯ ಸೀರೆ ಒಂದು. ಸಾಸ್ವೆಹಳ್ಳಿಗೆ ಹೋಗಿಬರುವ ಬಸ್ ಚಾರ್ಜು ಆರು ರೂಪಾಯಿ. ಮಿಷನ್ನನ್ನು ಬಸ್ಸಿನ ಮೇಲೆ ಏರಿಸಿ ಇಳಿಸಿದ ಕೂಲಿ ಎರಡು ರೂಪಾಯಿ. ಮಿಷನ್ನಿಗೆ ಹೊಸ ಬೆಲ್ಟು ಮೂರು ರೂಪಾಯಿ. ಮುರುಗೇಶಪ್ಪನವರ ಕಡೆಯಿಂದ ಸಮರ್ಥನೆಯ ಮಾತು ಒಂದೂ ಖರ್ಚಾಗಿಲ್ಲ.